ಎಡಗಡೆಯ ಹಿಡಿ

ಬುಲ್ಡೋಜರು ಕಾಲುವೆ ಏರಿಯ ತುದಿಗೆ ಬಂದು ಮೂತಿ ಬಗ್ಗಿಸಿತು. ಮುಂದೆ ಇಳಿಜಾರು, ಎಡಕ್ಕೆ ಅಗೆದುಬಿಟ್ಟ ಆಳದ ಗುಂಡಿ. ಓಡಿಸುತ್ತಿದ್ದ ಮಾರೆಣ್ಣನಿಗೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಅಣ್ಣ ಜಡೆಪ್ಪ ಇದೇ ಗಾಡಿಯ ಸಮೇತ ಇದೇ ಗುಂಡಿಗೆ ಉರುಳಿ ಸತ್ತಂದಿನಿಂದ ಅವನಿಗೆ ಏನೂ ಆಗುತ್ತಿರಲಿಲ್ಲ. ಉಣ್ಣು ಎಂದರೆ ಉಣ್ಣುತ್ತಿದ್ದ, ಮಲಗು ಎಂದರೆ ಮಲಗುತ್ತಿದ್ದ, ಅಷ್ಟೆ.

ಅಣ್ಣನ ಜಾಗ ತಮ್ಮನಿಗೇ, ಆದರೆ ಪರೀಕ್ಷೆ ಪಾಸಾಗಬೇಕು ಎಂದಿದ್ದರು ಮದ್ರಾಸಿನಿಂದ ಬಂದ ಸಾಹೇಬರು. ಆಗದಿದ್ದರೆ ಅತ್ತಿಗೆ ಹಂಪಮ್ಮ ಕೈಗೂಸು ಕಟ್ಟಿಕೊಂಡು ಇದೇ ಕಾಲುವೆಯಲ್ಲಿ ಮಣ್ಣಿನ ಬುಟ್ಟಿ ಹೊರಬೇಕು. ಸಾಹೇಬರು ದೂರದಲ್ಲಿ ಕೊಡೆ ಹಿಡಿದು ನಿಂತಿದ್ದರು.

"ಬಲಕ್ಕ ತಿರುಗಿಸಲೇ!" ಎಂದು ಏರಿಯ ಮೇಲಿಂದ ಮೇಸ್ತ್ರಿ ಪಕ್ಕೀರಪ್ಪ ಕೂಗಿದ.

ಗಾಡಿ ತಿರುಗಿಸುವ ಎರಡು ಹಿಡಿಗಳಲ್ಲಿ ಮಾರೆಣ್ಣನ ಕೈ ತಾನಾಗಿ ಬಲಗಡೆಯದಕ್ಕೆ ಹೋಯಿತು. ಬುದ್ಧಿ ಬಂದಾಗಿನಿಂದ ಎತ್ತು ಹೊಡೆದ ಕೈ. ಬಲಕ್ಕೆ ಹೋಗಬೇಕಾದರೆ ಬಲಗಡೆಯ ಹಗ್ಗ ಜಗ್ಗುವುದೊಂದೇ ಅದಕ್ಕೆ ಗೊತ್ತು. ಸಮನೆಲದಲ್ಲಿ ಈ ಯಂತ್ರವೂ ಎತ್ತಿನ ಹಾಗೇ ಮಾತು ಕೇಳುತ್ತದೆ. ಇಳಿಜಾರಿಗೆ ಬಿತ್ತೋ, ಎಲ್ಲ ಉಲ್ಟಾ. ಬಲಗಡೆಯದನ್ನು ಜಗ್ಗಿದರೆ ಆ ಕಡೆಯ ಗಾಲಿಗಳಿಗೆ ಸುತ್ತಿದ ಉಕ್ಕಿನ ಪಟ್ಟಿ ಎಂಜಿನ್ನಿನ ಹಿಡಿತ ತಪ್ಪಿ ಮುಂದಕ್ಕೋಡುತ್ತದೆ, ಗಾಡಿ ಎಡಕ್ಕೆ ಹೊರಳುತ್ತದೆ. ಕೈ ಒಂದು ಗಳಿಗೆ ಅಲ್ಲೇ ಇದ್ದು ವಾಪಸು ಬಂತು. ಮಾರೆಣ್ಣ ಎಡಗಡೆಯದನ್ನು ಜಗ್ಗಿದ. ಬುಲ್ಡೋಜರು ಗುಂಡಿ ಬಿಟ್ಟು ಬಲಕ್ಕೆ ಇಳಿಯಿತು.

ಸಾಹೇಬರು ತಲೆಯಾಡಿಸಿದರು.

"ಪಾಸಾದಿ ಬಿಡಲೇ! ಒಂದೀಟು ನಗಾಕ ಏನ್ ಬ್ಯಾನಿ ನಿನಗ?" ಎಂದ ಪಕ್ಕೀರಪ್ಪ. ಮಾರೆಣ್ಣ ನಗಲಿಲ್ಲ, ಕೈ ಒರೆಸಿಕೊಂಡು ಊರಿನ ದಾರಿ ಹಿಡಿದ.

ಸಿರಿಗೇರಿಯ ಮನೆಯಲ್ಲಿ ಹಂಪಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಕೆಲಸ ಆತು, ಅತ್ಗಿ."

ಅವಳು ಹಿಟ್ಟಿನ ಕೈಯನ್ನೇ ಮುಗಿದು ಹಣೆಗೆ ಒತ್ತಿಕೊಂಡಳು. ಇಷ್ಟು ದಿನ ಕೇಳದೆ ಇದ್ದದ್ದನ್ನು ಆಮೇಲೆ ಕೇಳಿದಳು.

"ನಿಮ್ಮಣ್ಣ ಏನ್ ತಪ್ಪು ಮಾಡಿದ್ದ?"

"ಎತ್ತಿನ ಹಗ್ಗ ಜಗ್ಗಿದಂಗ ಜಗ್ಗಿದ. ಇಳಿಜಾರಿನ್ಯಾಗ ಉಲ್ಟಾ ಜಗ್ಗಬೇಕು."

"ಅದನ್ನ ಕಲಿಯಾಕ ನಿನಗ ಭಾಳ ದಿನ ಹಿಡೀತೇನು?"

"ಇಲ್ಲ. ಮೇಸ್ತ್ರಿ ಒಂದ್ ಮಾತು ಹೇಳಿದ, ಅಷ್ಟ."

"ನಿಮ್ಮಣ್ಣಗ ಯಾಕ ಹೇಳಿರ್ಲಿಲ್ಲ?"

"ಆವಾಗ ಮೇಸ್ತ್ರಿಗೂ ಗೊತ್ತಿರ್ಲಿಲ್ಲ ಅತ್ಗಿ. ಅಣ್ಣ ಬಿದ್ದಮ್ಯಾಲ ಗೊತ್ತಾತು."

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು, ಹಂಪಮ್ಮ ತಿರುವಿ ಹಾಕಲಿಲ್ಲ. ಮಾರೆಣ್ಣ ಎದ್ದು ಬರಿಗೈಯಲ್ಲೇ ಅದನ್ನು ತೆಗೆದ. ಬೆರಳು ಚುರ್ರೆಂದಿತು; ಅಣ್ಣ ಸತ್ತಮೇಲೆ ಅವನಿಗೆ ಏನಾದರೂ ಆದದ್ದು ಇದೇ ಮೊದಲು. ಅವನು ರೊಟ್ಟಿಯನ್ನು ಕೆಳಗಿಡಲಿಲ್ಲ.