ಅವನಿಗೆ ಅರ್ಥವಾಗಿತ್ತು

"ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದೀಯೇನಮ್ಮ? ಇಂಥ ಮೂದೇವಿನ ಕೌಂಟರಲ್ಲಿ ನಿಲ್ಲಿಸಿದ್ರೆ ಗಿರಾಕಿ ಬಾಗಿಲಿಂದಲೇ ವಾಪಸ್ ಹೋಗ್ತಾನೆ."

ಹೀಗೆಂದವನು ಆ ಬಟ್ಟೆ ಅಂಗಡಿಯ ಮ್ಯಾನೇಜರು. ಕೆಲಸ ಕೇಳಿಕೊಂಡು ಬಂದ ನಾನು ಅವನ ಮೇಜಿನ ಮುಂದೆ ನಿಂತಿದ್ದೆ. ಪಕ್ಕದಲ್ಲಿದ್ದ ಮೇಡಂ, ಕಿವುಡಿಗೆ ಹೇಳುವ ಹಾಗೆ, ಪ್ರಶ್ನೆಯನ್ನು ಬಿಡಿಸಿ ಬಿಡಿಸಿ ಮತ್ತೆ ಕೇಳಿದಳು. ಹಿಂದಿನ ಕೆಲಸದಲ್ಲಿ ಸೂಪರ್‌ವೈಸರ್ ಜೊತೆ ಏನಾದರೂ ಮಿಸ್‌ಕಮ್ಯುನಿಕೇಶನ್ ಆಗಿತ್ತಾ, ಅದನ್ನು ಹೇಗೆ ಸರಿಮಾಡಿಕೊಂಡೆ ಎಂದು.

ಉತ್ತರ ನನಗೆ ಬಾಯಿಪಾಠವಾಗಿತ್ತು. ಈ ಪ್ರಶ್ನೆಯನ್ನು ಎಲ್ಲ ಅಂಗಡಿಯವರೂ ಕೇಳುತ್ತಾರೆ. ಹಳೆಯ ಯಜಮಾನರನ್ನು ಬೈಯಬಾರದು, ತಪ್ಪು ನಮ್ಮದೇ ಎನ್ನಬೇಕು, ಪಾಠ ಕಲಿತೆ ಎಂದು ಹಲ್ಲು ಕಿರಿಯಬೇಕು. ಹೊಡೆಸಿಕೊಂಡವರೇ ಹೊಡೆದವನ ಕೈ ನೋಯಿತೇ ಎಂದು ವಿಚಾರಿಸಬೇಕು, ಅಷ್ಟೆ. ಉತ್ತರ ಹೇಳಿಕೊಟ್ಟವಳು ನನ್ನ ತಂಗಿ. ಬೆಳಿಗ್ಗೆ ನನ್ನ ತಲೆ ಬಾಚುತ್ತಾ ಹೇಳಿದ್ದಳು.

"ನನ್ನ ವಿಷಯನೇ ಹೇಳಕ್ಕ. ಜೊತೆಯವಳು ಮೆಲ್ಲಗೆ ಕೇಳಿದ್ಲು, ಸಾರ್‌ಗೆ ಗೊತ್ತಾಗ್ಲಿಲ್ಲ, ಅದನ್ನ ನೋಡಿ ನಾನು ಬಿಡಿಸಿ ಹೇಳೋದು ಕಲ್ತೆ ಅನ್ನು. ಕೆಲಸ ಕೊಡ್ತಾರೆ."

ನನಗೆ ಅಳು ಬಂತು. ಅವಳ ಕೈ ಜಡೆ ಹೆಣೆಯುತ್ತಲೇ ಇತ್ತು. ಅವಳ ಔಷಧಿ, ನಮ್ಮಿಬ್ಬರ ಊಟ, ಆ ಒಂದು ಕೋಣೆ, ಎಲ್ಲಕ್ಕೂ ಈ ಕೆಲಸವೇ ಗತಿ. ಆಗಲಿ ಕಣೆ, ಹಾಗೇ ಹೇಳ್ತೀನಿ ಎಂದು ಹೊರಟಿದ್ದೆ.

ಹಳೆಯ ಅಂಗಡಿಯಲ್ಲಿ ನಾವಿಬ್ಬರೂ ಒಂದೇ ಮಹಡಿಯಲ್ಲಿದ್ದೆವು. ನಾನು ಹೊದಿಕೆಗಳ ಕಡೆ, ಅವಳು ಎದುರಿಗೆ ಮಕ್ಕಳ ಬಟ್ಟೆಯ ಕಡೆ. ಅಲ್ಲಿ ಹೆಂಗಸರು ಕೂರುವಂತಿಲ್ಲ. ಒಂದಕ್ಕೆ ಹೋಗಬೇಕಾದರೆ ಪಾಸು ಬೇಕು. ದಾರ ಕಟ್ಟಿದ ಒಂದು ರಟ್ಟು, ಇಡೀ ಮಹಡಿಗೆ ಅದೊಂದೇ. ಅದು ಕೊರಳಲ್ಲಿ ಇಲ್ಲದಿದ್ದರೆ ಮೆಟ್ಟಿಲ ಬಳಿಯ ಕಾವಲಿನವನು ದಾಟಲು ಬಿಡುತ್ತಿರಲಿಲ್ಲ. ಅದು ಸೂಪರ್‌ವೈಸರ್ ಕೈಯಲ್ಲಿ ಇರುತ್ತಿತ್ತು. ಅವನು ನಮ್ಮನ್ನು ಹೆಸರು ಹಿಡಿದು ಕರೆದವನಲ್ಲ, ಚಿಟಿಕೆ ಹೊಡೆದು ಕರೆಯುವವನು. ನಾವೂ ಅವನಿಗೆ ಚಿಟಿಕೆ ಎಂದೇ ಹೆಸರಿಟ್ಟಿದ್ದೆವು.

ಆಗ ತಂಗಿ ಬಸುರಿ. ರಿಯಾಯಿತಿ ಮಾರಾಟದ ದಿನ, ಕಾಲಿಡಲು ಜಾಗವಿಲ್ಲ. ಹೊಟ್ಟೆ ಹಿಂಡುತ್ತಿದೆ, ಪಾಸು ಕೊಡಿ ಎಂದು ಕೇಳಿದಳು. ಈ ಗಿರಾಕಿ ಹೋಗಲಿ ಎಂದ. ಆ ಗಿರಾಕಿ ಹೋದ ಮೇಲೆ ಮತ್ತೆ ಕೇಳಿದಳು.

"ನಿಂದೊಂದು ದಿನಾ ಗೋಳು. ಹೊಟ್ಟೆ ಹೊತ್ಕೊಂಡವಳು ಮನೇಲಿ ಬಿದ್ದಿರ್ಬೇಕಪ್ಪ. ನಿಂತ್ಕೊ ಮುಚ್ಕೊಂಡು."

ಆಮೇಲೆ ಅವಳು ಚಿಕ್ಕ ಮಕ್ಕಳ ಅಂಗಿಗಳ ರಾಶಿಯ ಮೇಲೆ ಎರಡೂ ಕೈ ಊರಿ, ಸಾರ್ ರಕ್ತ ಹೋಗ್ತಿದೆ ಎಂದಳು. ಎದುರು ಕೌಂಟರಿನಲ್ಲಿದ್ದ ನನಗೆ ಕೇಳಿಸಿತು. ಗಿರಾಕಿಗಳು ತಿರುಗಿ ನೋಡಿದರು. ಚಿಟಿಕೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಪಾಸನ್ನು ಜೇಬಿಗಿಳಿಸಿ, ಜೇಬನ್ನು ಮೇಲಿಂದ ತಟ್ಟಿ, ಯಜಮಾನರು ಕರೆಯುತ್ತಿದ್ದಾರೆ ಎಂದು ಮೇಲಿನ ಮಹಡಿಗೆ ಹೋದ. ನಾನು ಕೌಂಟರು ಹಾರಿ ಅವಳನ್ನು ಹಿಡಿದುಕೊಂಡೆ. ಕಾವಲಿನವನು ಪಾಸೆಲ್ಲಿ ಎಂದ. ಬೇಡಿದೆ, ಕಾಲು ಹಿಡಿದೆ, ಕೊನೆಗೆ ಅವನ ಕೈ ಕಚ್ಚಿ ಅವಳನ್ನು ಆಚೆ ಕರೆದುಕೊಂಡು ಹೋದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಸ್ವಲ್ಪ ಮೊದಲೇ ಕರ್ಕೊಂಡು ಬರಬಾರದಿತ್ತಾ ಎಂದಳು. ಮಗು ಉಳಿಯಲಿಲ್ಲ.

ಯಜಮಾನರು ಎಲ್ಲರನ್ನೂ ಸೇರಿಸಿ ದುಃಖಪಟ್ಟರು. ಆ ಹುಡುಗಿ ಹೇಳಿದ್ದು ಸರಿಯಾಗಿ ತಲುಪಿಲ್ಲ, ಮಿಸ್‌ಕಮ್ಯುನಿಕೇಶನ್ ಎಂದರು. ಪಕ್ಕದಲ್ಲಿ ಚಿಟಿಕೆ ತಲೆ ತಗ್ಗಿಸಿ, ಕೈಕಟ್ಟಿ, ಹಾಲು ಕುಡಿದ ಮಗುವಿನ ಹಾಗೆ ನಿಂತಿದ್ದ. ಬೋಳಿಮಗನೆ ಎಂದು ಅವನ ಕೊರಳಪಟ್ಟಿ ಹಿಡಿದೆ. ಅಲ್ಲಿಗೆ ನನ್ನ ಕೆಲಸವೂ ಹೋಯಿತು.

ಲಾರಿ ಓಡಿಸುವ ಅವಳ ಗಂಡ ಬಂದವನು, ಬಾಯಿಬಿಟ್ಟು ಕೇಳೋಕೇನಾಗಿತ್ತು ನಿಂಗೆ ಎಂದು ಹೇಳಿ ಮತ್ತೆ ಲಾರಿ ಹತ್ತಿದ. ಅಂದಿನಿಂದ ತಂಗಿಯೂ ಅದನ್ನೇ ಹಿಡಿದಳು. ನಾನೇ ಮೆಲ್ಲಗೆ ಕೇಳಿದೆ ಅಕ್ಕ, ನಂದೇ ತಪ್ಪು. ಇಲ್ಲ ಕಣೆ ಎಂದು ಎಷ್ಟು ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಒಂದು ಹನಿ ಕಣ್ಣೀರೂ ಹಾಕಲಿಲ್ಲ. ತಪ್ಪು ಮಾಡಿದವಳಿಗೆ ಅಳುವ ಹಕ್ಕೆಲ್ಲಿದೆ ಎಂದುಕೊಂಡಿದ್ದಳೇನೋ.

ಮೇಡಂ ಪೆನ್ನು ಕುಟ್ಟುತ್ತಿದ್ದಳು. ನಾನು ಪಾಠ ಒಪ್ಪಿಸಲು ಶುರುಮಾಡಿದೆ. ಜೊತೆಯವಳೊಬ್ಬಳು ಮೆಲ್ಲಗೆ ಕೇಳಿದಳು, ಸಾರ್‌ಗೆ ಗೊತ್ತಾಗಲಿಲ್ಲ.

"ವೆರಿ ಗುಡ್," ಎಂದಳು ಮೇಡಂ. "ಆಮೇಲೆ?"

ಆ ಗುಡ್ ನನ್ನ ಎದೆಗೆ ಬಂದು ನಾಟಿತು. ಮುಂದಿನ ಮಾತು ಬಾಯಲ್ಲೇ ಇತ್ತು, ಹೇಳಿದ್ದರೆ ನಾಳೆಯಿಂದ ಕೆಲಸ.

"ಸುಳ್ಳು ಮೇಡಂ," ಎಂದೆ. "ಅವಳು ಸರಿಯಾಗೇ ಕೇಳಿದ್ಲು. ರಕ್ತ ಹೋಗ್ತಿದೆ ಅಂತ ಗಿರಾಕಿಗಳ ಮುಂದೇನೇ ಹೇಳಿದ್ಲು. ಅವನಿಗೆ ಅರ್ಥ ಆಗಿತ್ತು. ಆಗಿದ್ದಕ್ಕೇ ಪಾಸನ್ನ ಜೇಬಿಗಿಟ್ಟು ತಟ್ಕೊಂಡ. ನಮ್ಮಲ್ಲಿ ಯಾರಿಗೂ ಅರ್ಥ ಆಗ್ದೇ ಇದ್ದಿದ್ದು ಏನೂ ಇರ್ಲಿಲ್ಲ."

ಮ್ಯಾನೇಜರು ಬಾಗಿಲ ಕಡೆ ಕೈ ತೋರಿಸಿದ. "ಬಂದ್ಬಿಡ್ತವೆ, ಬಸುರಿ ಬಾಣಂತಿ ಕತೆ ಹೊತ್ಕೊಂಡು. ನಡಿಯೇ ಆಚೆ."

"ಹೋಗ್ತೀನಿ. ಇಲ್ಲಿ ಹೆಂಗಸರು ಒಂದಕ್ಕೆ ಹೋಗ್ಬೇಕಾದ್ರೆ ಯಾರನ್ನ ಕೇಳ್ಬೇಕು ಸಾರ್?"

ಮೇಡಂ ಕಣ್ಣು ಅವನ ಮೇಜಿನ ಡ್ರಾಯರಿನ ಕಡೆ ಹೋಗಿ ಬಂತು.

ಮನೆಗೆ ಬಂದಾಗ ತಂಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಹೇಳಿಕೊಟ್ಟ ಹಾಗೇ ಹೇಳಿದೆಯಾ ಎಂದು ಕೇಳಿದಳು. ಹೂಂ ಎಂದರೆ ಮುಗಿಯುತ್ತಿತ್ತು. ಆಗಲಿಲ್ಲ. ಕೆಲಸ ಸಿಗಲಿಲ್ಲ ಎಂದೆ. ಹಾಸಿಗೆಯ ಅಂಚಿನಲ್ಲಿ ಕೂತೆ.

"ನೀನು ಸರಿಯಾಗೇ ಕೇಳಿದ್ದೆ ಅಂತ ಹೇಳ್ಬಿಟ್ಟೆ ಕಣೆ. ಅವರ ಮುಂದೇನೇ ಹೇಳಿದೆ."

ಅವಳು ನನ್ನ ಕಡೆ ಹೊರಳಿದಳು.

"ಕೇಳಿದ್ದೆ ಅಲ್ವಾ ಅಕ್ಕ?"

"ಕೇಳಿದ್ದೆ. ನಂಗೆ ಆ ಕಡೆವರೆಗೂ ಕೇಳಿಸ್ತು."

ಅವಳಿಗೆ ಮೊದಲು ಉಸಿರೇ ಹೊರಬರಲಿಲ್ಲ, ಆಮೇಲೆ ಅಳು ಬಂತು. ಹೆತ್ತವಳ ಅಳು, ಕೇರಿಗೆಲ್ಲ ಕೇಳುವಂಥದ್ದು. ಕೆಳಗಿನಿಂದ ಮನೆಯೊಡತಿ ಮೆಟ್ಟಿಲು ಹತ್ತಿ ಬಂದು, ಏನ್ರೇ ಇದು ಗಲಾಟೆ, ಸ್ವಲ್ಪ ಮೆಲ್ಲಗೆ ಎಂದಳು. ನಾನು ಎದ್ದು ಹೋಗಿ ಅವಳ ಮುಖದೆದುರೇ ಬಾಗಿಲನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದ ಹಾಗೆ ಕಲ್ಲು ಒತ್ತಿದೆ.