ಪಂಪಣ್ಣನ ಜೀಪು, ಕನಕಮ್ಮನ ಕಣ್ಣಿ

ನಮ್ಮಕ್ಕ ಕನಕಮ್ಮನನ್ನು ಹುಚ್ಚಿ ಅಂದವರ ಬಾಯಿಗೆ ಮಣ್ಣು ಬೀಳಲಿ. ಅಂಥವರು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಇನ್ನೂ ಇದ್ದಾರೆ. ನನ್ನ ಗಾಡಿಯ ಮಿರ್ಚಿ ಭಜಿಯನ್ನೇ ತಿಂದು, ಕೈ ಒರೆಸಿಕೊಂಡು, ನನ್ನೆದುರೇ ಅನ್ನುತ್ತಾರೆ. ಆಕೆಗೆ ಹುಚ್ಚು ಹಿಡಿದಿರಲಿಲ್ಲ, ಸಿಟ್ಟು ಬಂದಿತ್ತು. ಬರಬೇಕಾದ ಸಿಟ್ಟೇ ಬಂದಿತ್ತು.

ತೊಂಬತ್ತೊಂದನೇ ಇಸವಿಯ ಪಂಚಮಿಗೆ ಅಕ್ಕ ಗಂಡನ ಊರು ಬಳಗಾನೂರಿನಿಂದ ಮಸ್ಕಿಯ ತವರಿಗೆ ಹೊರಟಿದ್ದಳು. ಮೊದಲು ಸಿಂಧನೂರಿಗೆ ಹೋಗಿ, ಎಳೆಯ ಮಗಳು ಯಮನೂರಿಯ ಕೈಗೆ ಹಸಿರು ಬಳೆ ಇಡಿಸಿ, ಅಲ್ಲಿಂದ ಪಂಪಣ್ಣನ ಬಾಡಿಗೆ ಜೀಪು ಹತ್ತಿದಳು. ಆಗ ಸಿಂಧನೂರು, ಮಸ್ಕಿ, ಲಿಂಗಸುಗೂರು ದಾರಿಯ ಜೀಪುಗಳಲ್ಲಿ ಒಂದು ರೂಢಿ ಇತ್ತು. ಕೂಸುಗಳಿಗೆ ಟಿಕೀಟಿಲ್ಲ, ಹಾಗಾಗಿ ಜಾಗವೂ ಇಲ್ಲ. ತಾಯಂದಿರ ತೊಡೆಯ ಮೇಲಿನ ಮಕ್ಕಳನ್ನು ಎತ್ತಿ ಹಿಂದಿನ ಬಾಗಿಲ ಬಳಿ ಗಂಟುಮೂಟೆಗಳ ಮೇಲೆ ಕೂಡಿಸುತ್ತಿದ್ದರು. ತೊಡೆ ಖಾಲಿಯಾದರೆ ಹೆಂಗಸರನ್ನು ಇನ್ನಷ್ಟು ಒತ್ತಬಹುದಲ್ಲ! ಪಂಪಣ್ಣನ ಜೀಪಿನ ಹಿಂಬಾಗಿಲಿಗಂತೂ ಚಿಲಕವೇ ಇರಲಿಲ್ಲ, ಹಳೇ ಸೈಕಲ್ ಟ್ಯೂಬು ಬಿಗಿದಿದ್ದ.

"ಬ್ಯಾಡೋ ಯಣ್ಣಾ, ಸಣ್ಣದೈತಿ. ನನ್ನ ತೊಡಿಮ್ಯಾಲೇ ಇರಲಿ" ಎಂದು ಅಕ್ಕ ಕೂಸನ್ನು ಅವುಚಿಕೊಂಡಳು.

"ಏನಾಗೂದಿಲ್ಲ ಬಿಡಬೇ. ಹಬ್ಬದ ಗದ್ಲ ಐತಿ" ಎಂದು ಪಂಪಣ್ಣ ಕಸಿದುಕೊಂಡೇ ಹೋಗಿ ಹಿಂದೆ ಕೂಡಿಸಿದ.

ಕಾಲುವೆ ಸೇತುವೆ ಹತ್ತಿರದ ತಗ್ಗಿನಲ್ಲಿ ಜೀಪು ಎಗರಿತು, ಟ್ಯೂಬು ಹರಿಯಿತು. ನಾವು ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ದಾರಿ ಕಾಯುತ್ತಿದ್ದೆವು. ಬಂದದ್ದು ಕೂಸಿನ ಹೆಣ.

ಲಿಂಗಸುಗೂರಿನ ಕೋರ್ಟಿನಲ್ಲಿ ವರ್ಷದ ಹತ್ತಿರ ಕೇಸು ನಡೆಯಿತು. ಪಂಪಣ್ಣ ಕಟಕಟೆಯಲ್ಲಿ ದೇವರ ಮೇಲೆ ಪ್ರಮಾಣ ಮಾಡಿ, "ಕೂಸು ತಾಯಿ ತೊಡಿಮ್ಯಾಲ ಇತ್ರಿ ಸಾಹೇಬ್ರ. ಆಕಿಗೆ ನಿದ್ದಿ ಹತ್ತಿತ್ತು, ಕೈ ಬಿಟ್ಲು" ಎಂದ. ಜೀಪಿನಲ್ಲಿದ್ದವರು ಒಬ್ಬರೂ ಸಾಕ್ಷಿಗೆ ಬರಲಿಲ್ಲ. ದಿನಾ ಅದೇ ಜೀಪು ಹತ್ತಬೇಕಿತ್ತು ಅವರಿಗೆ. ಜನ ಹೆಚ್ಚು ತುಂಬಿದ್ದಕ್ಕೆ ಒಂದಿಷ್ಟು ದಂಡ ಬಿತ್ತು. ಕೂಸನ್ನು ಭದ್ರವಾಗಿ ಕೂಡಿಸದ್ದಕ್ಕೆ? ಏನೂ ಇಲ್ಲ. ಕೂಸು ತಾಯಿಯ ಕೈಯಿಂದಲೇ ಬಿದ್ದದ್ದೆಂದಾಯಿತು, ಕೂಸನ್ನು ಕಟ್ಟಿಯೇ ಕೂಡಿಸಬೇಕೆಂಬ ಕಾನೂನೂ ಇಲ್ಲವಂತೆ. ಅವನು ದಂಡ ಕಟ್ಟಿ, ಕೋರ್ಟಿನ ಎದುರು ಚಹಾ ಕುಡಿದು, ಅದೇ ಜೀಪು ತುಂಬಿಕೊಂಡು ಮಸ್ಕಿಗೆ ಬಂದ. ಅವನ ಚಹಾದಲ್ಲಿ ಹುಳ ಬೀಳಲಿ ಎಂದು ನಾನು ಶಾಪ ಹಾಕಿದೆ.

ಅಕ್ಕನನ್ನು ಸುಟ್ಟದ್ದು ದಂಡವಲ್ಲ, ಆ ಮಾತು. ಕೈ ಬಿಟ್ಟಳು ಅಂತ ಅತ್ತೆ ಅಂದಳು, ಓಣಿಯ ಹೆಂಗಸರು ಅಂದರು. ಕಡೆಗೆ ಗಂಡ ಮಾಳಿಂಗಪ್ಪ, ಕುರಿ ಕಾಯುವ ಬಂಗಾರದಂಥ ಮನುಷ್ಯ, ಅವನೂ ಒಂದು ದಿನ ಊಟಕ್ಕೆ ಕೂತಾಗ, "ನೀ ಒಂದೀಟು ಗಟ್ಟಿ ಹಿಡಿಬೇಕಿತ್ತು" ಎಂದ. ಅಕ್ಕ ರೊಟ್ಟಿ ಅಲ್ಲೇ ಬಿಟ್ಟು ಎದ್ದು ನಮ್ಮ ಮನೆಗೆ ಬಂದಳು. ಬರುವಾಗ ಹಟ್ಟಿಯಿಂದ ಕುರಿಮರಿ ಕಟ್ಟುವ ಹಗ್ಗದ ಕಣ್ಣಿಗಳನ್ನು ಮಡಿಲು ತುಂಬ ತಂದಿದ್ದಳು.

"ಆ ಮಾತನ್ನ ಅವನ ಬಾಯಿಂದನ ವಾಪಸ್ ತೆಗಸ್ತೀನಿ ಕರೆಮ್ಮ" ಎಂದು ನನಗೆ ಹೇಳಿದಳು.

ಮರುದಿನದಿಂದ ಪಂಪಣ್ಣನ ಜೀಪು ತುಂಬುವ ಹೊತ್ತಿಗೆ ಅಕ್ಕ ಮಸ್ಕಿ ಸ್ಟ್ಯಾಂಡಿನಲ್ಲಿ ಹಾಜರು. ಕಣ್ಣಿಯ ಒಂದು ತುದಿ ತಾಯಿಯ ಸೊಂಟಕ್ಕೆ, ಇನ್ನೊಂದು ಕೂಸಿನ ಸೊಂಟಕ್ಕೆ. "ಇದು ಕೂಸು ತಿನ್ನೋ ಗಾಡಿ ಐತಬೇ, ಕಟಿಗೊಂಡು ಹೋಗ್ರಿ" ಎಂದು ಮೆತ್ತಗೆ ಹೇಳಿ ಗಂಟು ಬಿಗಿಯುತ್ತಿದ್ದಳು. ಕೂಗಾಡಿದ್ದರೆ ಜನ ನಕ್ಕು ಬಿಡುತ್ತಿದ್ದರು. ಆ ಮೆತ್ತನೆಯ ದನಿ ಕೇಳಿ ತಾಯಂದಿರು ಕೂಸನ್ನು ಅವುಚಿಕೊಳ್ಳುತ್ತಿದ್ದರು.

ಪಕ್ಕದ ಜೀಪುಗಳ ಕಡೆ ಆಕೆ ತಿರುಗಿಯೂ ನೋಡಲಿಲ್ಲ. ಚಹಾದಂಗಡಿಯ ಖಾದರಬಾಷಾ ಕೇಳಿಯೇ ಬಿಟ್ಟ: "ಯಕ್ಕಾ, ಆ ಗಾಡ್ಯಾಗೂ ಕೂಸು ಅದಾವಲ್ಲ?"

"ಅವು ನನ್ನ ಕೂಸಿನ್ನ ತಿಂದಿಲ್ಲ" ಎಂದಳು.

ಪುಣ್ಯದ ಕೆಲಸ ಎಂದು ಯಾರೂ ಹೊಗಳುವುದು ಬೇಡ. ಅದು ಸೇಡು. ಅದನ್ನು ನೋಡಿ ನನ್ನ ಹೊಟ್ಟೆಯೂ ತಣ್ಣಗಾಗುತ್ತಿತ್ತು.

ಪಂಪಣ್ಣ ಪೊಲೀಸರನ್ನು ಕರೆತಂದ. ಜಮಾದಾರ ಕಣ್ಣಿಯನ್ನು ಜಗ್ಗಿ ನೋಡಿ, "ಕಟ್ಟದಿದ್ರ ಕೇಸಿಲ್ಲ ಅಂತ ಕೋರ್ಟಿನ್ಯಾಗ ನೀನ ಪಾರಾಗಿ ಬಂದಿ. ಕಟ್ಟಿದ್ರ ಹ್ಯಾಂಗ ಕೇಸ್ ಹಾಕ್ಲೋ?" ಎಂದು ಹೊರಟುಹೋದ. ಮೊದಲು ತಾಯಂದಿರು ಬೇರೆ ಜೀಪು ಹಿಡಿದರು. ಆಮೇಲೆ ಗಂಡಸರೂ ಜಾರಿಕೊಂಡರು. ದಸರೆ ಹೊತ್ತಿಗೆ ಪಂಪಣ್ಣ "ಲಿಂಗಸುಗೂರ, ಲಿಂಗಸುಗೂರ" ಎಂದು ಗಂಟಲು ಹರಿದುಕೊಂಡರೂ ಜೀಪು ಅರ್ಧ ಖಾಲಿ.

ದೀಪಾವಳಿಯ ಮುಂಚೆ ಅವನ ಹೆಂಡತಿ ಜೋಗಮ್ಮ ಸಣ್ಣ ಮಗಳನ್ನು ಎತ್ತಿಕೊಂಡು ಸ್ಟ್ಯಾಂಡಿಗೆ ಬಂದಳು. ಮುದಗಲ್ಲಿನ ತವರಿಗೆ ಹೊರಟಿದ್ದಳು. ಜೀಪಿನ ಮುಂದೆ ನಿಂತು, ಅಕ್ಕನಿಗೆ, "ಯಕ್ಕಾ, ನನ್ನ ಮಗಳಿಗೂ ಕಟ್ಟು" ಎಂದಳು.

"ನನ್ನ ಗಾಡ್ಯಾಗ ನನ್ನ ಮಗಳಿಗೆ ಎಂಥಾ ಹಗ್ಗಲೇ? ಸುಮ್ನ ಹತ್ತು!" ಪಂಪಣ್ಣ ಒದರಿದ.

ಅಕ್ಕ ಕಣ್ಣಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಮೊದ್ಲ ನಿನ್ನ ಗಂಡನ್ನ ಕೇಳು ತಂಗಿ. ನನ್ನ ಕೂಸು ನನ್ನ ಕೈಯಾಗಿಂದ ಜಾರಿತೋ, ಆತ ಕಸಗೊಂಡು ಬಾಗಿಲ ಹಂತ್ಯಾಕ ಕುಂದ್ರಿಸಿದ್ನೋ?"

"ಅದು ಕೋರ್ಟಿನ್ಯಾಗ ಮುಗದೈತಿ!" ಎಂದ ಪಂಪಣ್ಣ.

ಜೋಗಮ್ಮ ಗಂಡನ ಮುಖ ನೋಡಿದಳು. ಆಮೇಲೆ ಮಗಳನ್ನು ಅವನ ಎದೆಮಟ್ಟಕ್ಕೆ ಎತ್ತಿ ಹಿಡಿದಳು. "ಹಂಗಾದ್ರ ಇದರ ತಲಿಮ್ಯಾಲ ಕೈ ಇಟ್ಟು ಹೇಳ್ರಿ."

ದೇವರ ಮೇಲೆ ಸಲೀಸಾಗಿ ಪ್ರಮಾಣ ಮಾಡಿದ್ದ ಮನುಷ್ಯ ಕೈ ಎತ್ತಿದ. ಕೈ ಕೂಸಿನ ತಲೆಗೆ ಮುಟ್ಟಲಿಲ್ಲ. ಮಕ್ಕಳ ತಲೆ ಮುಟ್ಟಿ ಸುಳ್ಳು ಹೇಳಿದರೆ ಏನಾಗುತ್ತದೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸ್ಟ್ಯಾಂಡಿಗೆ ಸ್ಟ್ಯಾಂಡೇ ನೋಡುತ್ತಿತ್ತು.

"ನಾನ ಕಸಗೊಂಡೆ" ಎಂದ ಕಡೆಗೆ. "ಆಕಿ ಬ್ಯಾಡ ಅಂದಿದ್ಲು."

"ಕೇಳಸವಲ್ದು" ಎಂದಳು ಅಕ್ಕ.

"ನಾನ ಕಸಗೊಂಡೆ! ಆಕಿ ಕೈ ಬಿಡಲಿಲ್ಲ!"

ನನ್ನ ಬಾಣಲೆಯಲ್ಲಿ ಭಜಿ ಕರಕಾಗುತ್ತಿದ್ದವು. ಆಗಲಿ ಬಿಡು ಎಂದು ನಾನು ಸೆರಗು ಬಾಯಿಗೊತ್ತಿ ಅತ್ತೆ. ಅಷ್ಟು ಖುಷಿಯಿಂದ ನಾನು ಯಾವತ್ತೂ ಅತ್ತಿರಲಿಲ್ಲ.

ಪಂಪಣ್ಣ ಬಗ್ಗಿ ಅಕ್ಕನ ಕಾಲಿಗೆ ಬಿದ್ದ. "ತಪ್ಪಾತಬೇ ಯಕ್ಕಾ, ಇಲ್ಲಿಗೆ ಬಿಡು."

ಅಕ್ಕ ಕಾಲು ಹಿಂದಕ್ಕೆ ತೆಗೆದುಕೊಂಡಳು. ಜೋಗಮ್ಮನ ಸೊಂಟಕ್ಕೂ ಕೂಸಿನ ಸೊಂಟಕ್ಕೂ ಕಣ್ಣಿ ಬಿಗಿದು, ಜಗ್ಗಿ ನೋಡಿ, ಇಬ್ಬರನ್ನೂ ಜೋಪಾನವಾಗಿ ಹತ್ತಿಸಿದಳು. ಆಮೇಲೆ ತಾನೂ ಹತ್ತಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಳು.

"ಇದು ಬೋಣಿ ಅಷ್ಟ. ಲಿಂಗಸುಗೂರಿಗೆ ನಡಿ, ಕೋರ್ಟಿನ ಮುಂದ ಹೇಳು. ಆಮ್ಯಾಲ ಗಾಡಿ ಬಳಗಾನೂರಿಗೆ ತಿರುವು. ಅಲ್ಲಿ ನನ್ನ ಗಂಡ ಅದಾನ. ಅವನ ಮುಂದ, ನಿನ್ನ ಮಗಳ ತಲಿಮ್ಯಾಲ ಕೈ ಇಟ್ಟು ಹೇಳು."