ಉಡಚಪ್ಪನ ಕಿವಿಗೆ ಬಿದ್ದದ್ದು

ಹೆಡ್‌ಫೋನ್ ಹಾಕಿಕೊಳ್ಳಬೇಕಾದರೆ ರುಮಾಲು ತೆಗೆಯಬೇಕು ಎಂದು ಪ್ರತಾಪ ಹೇಳಿದಾಗ ಉಡಚಪ್ಪನಿಗೆ ಎದ್ದು ಹೋಗಿಬಿಡೋಣವೆನ್ನಿಸಿತು. ತೀರಿಕೊಂಡ ಹೆಂಡತಿಯನ್ನು ಬಿಟ್ಟರೆ ಅವನ ಬೋಳುತಲೆಯನ್ನು ಸಂಶಿ ಊರಲ್ಲಿ ಯಾರೂ ಸರಿಯಾಗಿ ಕಂಡಿರಲಿಲ್ಲ. ಮಠದ ಸೋಮವಾರದ ಭಜನೆಯಲ್ಲಿ ಮೊದಲ ಸೊಲ್ಲು ಎತ್ತುವವನು ಅವನು. ರುಮಾಲು ಸುತ್ತಿಕೊಂಡು ಕೂತು ಗಂಟಲು ಸರಿಮಾಡಿಕೊಂಡನೆಂದರೆ ಹೊರಗೆ ಕಟ್ಟೆಯ ಮೇಲೆ ಹರಟುವವರೂ ಸುಮ್ಮನಾಗುತ್ತಿದ್ದರು.

"ತಗೀರಿ ಕಾಕಾ, ಯಾರದಾರ ಇಲ್ಲಿ," ಎಂದ ಪ್ರತಾಪ. ಎದುರಿಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅವನ ಮೊಬೈಲು ಕಣ್ಣು ಬಿಟ್ಟುಕೊಂಡು ನಿಂತಿತ್ತು.

ಪ್ರತಾಪ ಊರ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಸಾಲೆ ಬಿಟ್ಟ ಮೇಲೆ ಅವನಿಗೆ ಇನ್ನೊಂದು ಗೀಳು. ಹೆಡ್‌ಫೋನು, ಸ್ಪೀಕರುಗಳನ್ನು ತರಿಸಿ, ಕೇಳಿ, ಯಾವುದು ಒಳ್ಳೆಯದು ಯಾವುದು ಸುಳ್ಳು ಎಂದು ಕನ್ನಡದಲ್ಲಿ ವಿಡಿಯೋ ಮಾಡಿ ಬಿಡುತ್ತಿದ್ದ. ನೋಡುವವರು ಬಹಳ ಮಂದಿ ಇದ್ದರು. ಈ ಸಲ ಬಂದದ್ದು ಎಲ್ಲಕ್ಕಿಂತ ದುಬಾರಿಯದು. ಕಂಪನಿಯವರು ಪರೀಕ್ಷೆಗೆಂದು ಕಳಿಸಿದ್ದರು, ವಾಪಸು ಮಾಡಬೇಕಿತ್ತು.

"ಇದರ ಬೆನ್ನು ನೋಡ್ರಿಲ್ಲೆ," ಎಂದು ಹೆಡ್‌ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದ. ಕಿವಿಯ ಮೇಲೆ ಕೂರುವ ಎರಡೂ ಬಟ್ಟಲುಗಳ ಹೊರಮೈ ಮುಚ್ಚಿರಲಿಲ್ಲ. ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ, ಅದರಾಚೆ ಬೆಳಕು. "ಓಪನ್ ಬ್ಯಾಕ್ ಅಂತಾರ್ರಿ ಇದಕ್ಕ. ಒಳಗಿನ ಸಪ್ಪಳ ಹೊರಗ ಹೋಗತೈತಿ, ಹೊರಗಿಂದು ಒಳಗ ಬರತೈತಿ. ಅದಕ್ಕಽ ಹಾಡೋರು ಕಿವ್ಯಾಗ ಅಲ್ಲ, ಎದುರಿಗೆ ಕೂತಂಗ ಕೇಳಸ್ತೈತಿ. ಸುರ ಗೊತ್ತಿದ್ದ ಕಿವಿ ಬೇಕಾಗಿತ್ತು ನನಗ. ಈ ಊರಾಗ ನಿಮ್ಮನ್ನ ಬಿಟ್ಟು ಯಾರದಾರ ಹೇಳ್ರಿ."

ಆ ಮಾತಿಗೆ ಉಡಚಪ್ಪ ಕರಗಿದ. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಪ್ರತಾಪ ತಾನೇ ಹಾಕಿದ. ಮೆತ್ತನೆಯ ಮಖಮಲ್ಲು ಕಿವಿಯ ಸುತ್ತ ಕೂತಿತು. ತಲೆಯ ಮೇಲಿನ ಚರ್ಮದ ಪಟ್ಟಿ ಒಂದಿಷ್ಟೂ ಒತ್ತಲಿಲ್ಲ.

"ಭಾರ ಅನಸ್ತೈತೇನ್ರಿ? ಕಪಾಳ ಒತ್ತತೈತಿ?"

"ಇಲ್ಲೋ. ಯಾರೋ ಎರಡೂ ಕೈಲೆ ಹಗೂರಕ ಹಿಡಕೊಂಡಂಗ ಐತಿ."

ಮೊದಲು ಒಂದು ಸಾರಂಗಿ ಬಂತು. ಬಿಲ್ಲು ತಂತಿಯ ಮೇಲೆ ಬೀಳುವ ಮೊದಲಿನ ಸಣ್ಣ ತಿಕ್ಕಾಟ ಕೂಡ ಕೇಳಿತು. ಉಡಚಪ್ಪ ಕಣ್ಣು ಮುಚ್ಚಿದ. ಇಷ್ಟು ವರ್ಷ ರೇಡಿಯೋದಲ್ಲಿ ಕೇಳಿದ್ದೆಲ್ಲ ಗೋಡೆಯಾಚೆಗಿನ ಹಾಡಾಗಿತ್ತು ಎನ್ನಿಸಿತು.

"ಈಗ ನಮ್ಮದಽ ಕೇಳ್ರಿ," ಎಂದು ಪ್ರತಾಪ ಹಿಂದಿನ ಸೋಮವಾರ ಮಠದಲ್ಲಿ ತಾನು ಮೈಕು ಇಟ್ಟು ಮುದ್ರಿಸಿಕೊಂಡಿದ್ದ ಭಜನೆಯನ್ನು ಹಚ್ಚಿದ.

ಮಠದ ಪಡಸಾಲೆಯೇ ತೆರೆದುಕೊಂಡಿತು. ಎಡಕ್ಕೆ ಈರಪ್ಪನ ಹಾರ್ಮೋನಿಯಂ, ಅದು ಗಾಳಿ ಎಳೆದುಕೊಳ್ಳುವ ಸದ್ದು ಸಮೇತ. ಬಲಕ್ಕೆ ಸಾವಿತ್ರೆವ್ವನ ತಾಳ. ಹಿಂದೆ, ಕಂಬದ ಬಾಜು, ದುಂಡವ್ವನ ಧ್ವನಿ, ತುಂಬಿದ ಕೊಡದಿಂದ ನೀರು ಸುರಿದ ಹಾಗೆ ನೆಟ್ಟಗೆ, ಒಂದೇ ಸಮ. ಎಲ್ಲರ ನಡುವೆ ಯಾರೋ ಒಬ್ಬ ಮುದುಕ ಹಾಡುತ್ತಿದ್ದ. ಉಸಿರು ಸಾಲದೆ ಶಬ್ದದ ಕೊನೆಯನ್ನು ನುಂಗುತ್ತಿದ್ದ. ಇವನು ಯಾರು, ಇವನನ್ನು ಯಾಕೆ ಮುಂದೆ ಕೂರಿಸಿದರು ಎಂದು ಉಡಚಪ್ಪ ಹುಬ್ಬು ಗಂಟಿಕ್ಕಿದ. ಆಮೇಲೆ ಗೊತ್ತಾಯಿತು.

ಪಲ್ಲವಿ ಮೇಲಕ್ಕೆ ಏರುವಲ್ಲಿ ಮುದುಕನ ಧ್ವನಿ ಬಿರಿಯಿತು. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಧ್ವನಿ ಬಿರಿಯುವುದಕ್ಕೆ ತುಸು ಮೊದಲೇ ಈರಪ್ಪ ಹಾರ್ಮೋನಿಯಮ್ಮಿಗೆ ಜೋರಾಗಿ ಗಾಳಿ ಹಾಕಿದ. ಸಾವಿತ್ರೆವ್ವ ತಾಳವನ್ನು ಬಿರುಸು ಮಾಡಿದಳು. ದುಂಡವ್ವ ತನ್ನ ಸರದಿ ಬರುವ ಮೊದಲೇ ಆ ಸೊಲ್ಲನ್ನು ಕೆಳಗಿನಿಂದ ಎತ್ತಿ ಹಿಡಿದಳು. ಎರಡನೆಯ ನುಡಿಯಲ್ಲೂ ಹಾಗೆಯೇ. ಮೂರನೆಯದರಲ್ಲೂ. ಅವನು ಎಲ್ಲಿ ಬೀಳುತ್ತಾನೆಂಬುದು ಅವನಿಗಿಂತ ಮೊದಲು ಅವರಿಗೆ ಗೊತ್ತಿತ್ತು. ಬಾಯಿಪಾಠ ಆಗಿತ್ತು.

ಉಡಚಪ್ಪನ ಕಣ್ಣಲ್ಲಿ ನೀರು ಬಂತು. ಜಾಲರಿಯಿಂದ ಸೊಳ್ಳೆಯ ಗುಂಯ್‌ಗುಡುವಿಕೆಯ ಹಾಗೆ ಸೋರುತ್ತಿದ್ದ ಹಾಡನ್ನು ಹಿಡಿದು, ಉಡಚಪ್ಪ ಯಾವ ಸೊಲ್ಲಿಗೆ ಬಂದಿದ್ದಾನೆಂದು ಲೆಕ್ಕ ಹಾಕುತ್ತ ಪ್ರತಾಪ ಎದುರು ಕೂತಿದ್ದ.

"ಕೇಳಿಸ್ತೇನ್ರಿ?"

ಉಡಚಪ್ಪ ಹೆಡ್‌ಫೋನು ತೆಗೆದ.

"ನಾ ಸಣ್ಣಾವ ಇದ್ದಾಗ ಭಜನಿಗೆ ಬಂದಿದ್ದೆ," ಎಂದ ಪ್ರತಾಪ, ತಂತಿಯನ್ನು ಸುತ್ತಿಡುತ್ತ. "ಎಲ್ಲಾರ ಮುಂದ ನೀವಂದ್ರಿ, ಲೇ, ಒಡದ ಗಡಿಗಿ ಬಡದಂಗ ಐತಿ ನಿನ್ನ ದನಿ, ಬಾಯಿ ಮುಚಗೊಂಡು ಮೂಲ್ಯಾಗ ಕೂಡು ಅಂತ. ನೆನಪೈತ್ರ್ಯಾ?"

"ಇಲ್ಲ."

"ನನಗೈತ್ರಿ."

ಎರಡು ದಿನಕ್ಕೆ ವಿಡಿಯೋ ಬಂತು. ಹೆಡ್‌ಫೋನಿನ ಕಬ್ಬಿಣ, ಚರ್ಮ, ಮಖಮಲ್ಲು ಎಲ್ಲ ತೋರಿಸಿ, ಕೊನೆಗೆ ಉಡಚಪ್ಪನನ್ನು ತೋರಿಸಿದ್ದ. ಬೋಳುತಲೆ, ಕೆನ್ನೆಯ ಮೇಲೆ ನೀರು. "ಹಳ್ಳಿಯ ಹಿರಿಯ ಗಾಯಕರೊಬ್ಬರು ಮೊದಲ ಬಾರಿ ತಮ್ಮ ಧ್ವನಿಯನ್ನು ಕೇಳಿ ಭಾವುಕರಾದ ಕ್ಷಣ," ಎಂದು ಪ್ರತಾಪ ಪುಸ್ತಕದ ಕನ್ನಡದಲ್ಲಿ ಹೇಳಿದ್ದ. ಕೆಳಗೆ ಜನ ಕೈ ಮುಗಿದ ಚಿತ್ರಗಳನ್ನು ಸಾಲಾಗಿ ಹಾಕಿದ್ದರು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬ, "ಉಡಚಪ್ಪಣ್ಣಾ, ರುಮಾಲಿನ್ಯಾಗ ಇಷ್ಟು ದಿವಸ ಏನ್ ಮುಚ್ಚಿಟ್ಟಿದ್ದೀ ಅಂತ ಗೊತ್ತಾತು ಬಿಡು," ಎಂದು ನಕ್ಕ. ಉಡಚಪ್ಪ ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ನೆಟ್ಟಗೆ ದುಂಡವ್ವನ ಮನೆಗೆ ಹೋದ. ಎರಡು ಮನೆಗೂ ನಡುವೆ ಒಂದೇ ಗೋಡೆ. ಹೆಂಡತಿ ಹೋದಾಗಿನಿಂದ ಮಧ್ಯಾಹ್ನದ ರೊಟ್ಟಿ ಅವನಿಗೆ ಅಲ್ಲಿಂದಲೇ ಬರುತ್ತಿತ್ತು.

"ನನ್ನ ದನಿ ಹೋಗೇತಿ ಅನ್ನೂದು ನಿಮಗ ಯಾವಾಗ ಗೊತ್ತಾತು?" ಎಂದು ಬಾಗಿಲಲ್ಲೇ ನಿಂತು ಕೇಳಿದ.

ದುಂಡವ್ವ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಳು. "ಅಣ್ಣಾ, ಆ ಮಾತು ಈಗ್ಯಾಕ್ರಿ?"

"ಯಾವಾಗ?"

"ವೈನಿ ತೀರಿಕೊಂಡ ವರ್ಷ. ನೀವು ಹಾಡೂದೂ ಬಿಟ್ರ ಉಳಿಯೂದಿಲ್ಲ ಅಂತ ನಾವು ಮೂವರೂ ಕೂತು ಮಾತಾಡಿದ್ವಿ. ತಪ್ಪು ತಿಳೀಬ್ಯಾಡ್ರಿ."

ಅವನು ತಪ್ಪು ತಿಳಿಯಲಿಲ್ಲ. ಸರಿಯಾಗಿಯೇ ತಿಳಿದುಕೊಂಡ. ಮೂವರೂ ತನ್ನನ್ನು ಕೂಸಿನಂತೆ ಕಂಕುಳಲ್ಲಿ ಎತ್ತಿಕೊಂಡು ನಡೆದಿದ್ದರು, ತಾನು ಮುಂದೆ ನಡೆಯುತ್ತಿದ್ದೇನೆಂದು ಎದೆ ಸೆಟೆಸಿದ್ದ. ಪ್ರತಾಪ ಕೊಟ್ಟ ಏಟಿಗೆ ಒಂದು ಕಾರಣವಾದರೂ ಇತ್ತು. ಇವರ ಕನಿಕರಕ್ಕೆ ಏನು ಮಾಡಬೇಕು? ಯೋಚಿಸಿದಷ್ಟೂ ಅವನಿಗೆ ಪ್ರತಾಪನ ಮೇಲಿನ ಸಿಟ್ಟು ಕಡಿಮೆಯಾಗಿ ಇವರ ಮೇಲೆ ಹೆಚ್ಚಾಯಿತು.

ಸೋಮವಾರ ಅವನೇ ಪ್ರತಾಪನಿಗೆ ಹೇಳಿ ಹೆಡ್‌ಫೋನು ಮಠಕ್ಕೆ ತರಿಸಿದ. ಬೇರೆ ಬೇರೆ ತಲೆಗಳ ಮೇಲೆ ಹೇಗೆ ಕೂರುತ್ತದೆಂಬ ವಿಡಿಯೋಕ್ಕಾಗುತ್ತದೆ ಎಂದು ಪ್ರತಾಪ ಖುಷಿಯಿಂದ ಬಂದ. ಹಾಡು ಶುರುವಾಗುವ ಮೊದಲು ಉಡಚಪ್ಪ ಅದೇ ಭಜನೆಯ ಮುದ್ರಣ ಹಚ್ಚಿಸಿ ಒಬ್ಬೊಬ್ಬರಿಗೂ ಅದನ್ನು ಹಾಕಿಕೊಳ್ಳಲು ಕೊಟ್ಟ.

ಈರಪ್ಪ ಕೇಳುತ್ತ ಕೇಳುತ್ತ ಸಪ್ಪಗಾದ. "ನಿನ್ನ ಬಳ್ಳು ಮುದುಕಾಗ್ಯಾವು, ಈರಪ್ಪ," ಎಂದ ಉಡಚಪ್ಪ. "ಎರಡು ಪಟ್ಟಿ ಕೂಡೇ ಒತ್ತತಾವು. ಕೇಳಿಸ್ತಿಲ್ಲೋ?" ಈರಪ್ಪ ತನ್ನ ಬೆರಳುಗಳನ್ನು ತಿರುಗಿಸಿ ನೋಡಿಕೊಂಡ. ಸಾವಿತ್ರೆವ್ವನಿಗೆ, "ತಾಳಾ ಓಡತೈತಿ ತಂಗಿ, ನಿನಗ ಮನಿಗೆ ಹೋಗೂ ಅವಸರ," ಎಂದ. ಎರಡೂ ಖರೆ ಮಾತೇ. ಯಾರೂ ಎದುರಾಡಲಿಲ್ಲ.

ಕೊನೆಗೆ ದುಂಡವ್ವ. ಸೆರಗನ್ನು ಹಿಂದೆ ಸರಿಸಿ, ತುರುಬಿನ ಮೇಲೆ ಪಟ್ಟಿ ಕೂರಿಸಿಕೊಂಡು, ಕಿವಿಯೋಲೆ ಚುಚ್ಚದ ಹಾಗೆ ಬಟ್ಟಲನ್ನು ತುಸು ಎತ್ತಿ ಇಟ್ಟುಕೊಂಡಳು. ತನ್ನ ಧ್ವನಿಯನ್ನು ಅವಳು ಎಂದೂ ಹೊರಗಿನಿಂದ ಕೇಳಿರಲಿಲ್ಲ. ಹಾಗೆ ಮೊದಲ ಸಲ ಕೇಳಿದವರಿಗೆ ಅದು ತಮ್ಮದಲ್ಲ, ಯಾರೋ ಪರರದು ಅನ್ನಿಸುತ್ತದೆ. ಅವಳ ಮುಖದ ಮೇಲೆ ಆ ಗಾಬರಿ ಬಂದದ್ದನ್ನು ಉಡಚಪ್ಪ ಕಂಡ.

ಆ ಇಡೀ ಮುದ್ರಣದಲ್ಲಿ ತಪ್ಪಿಲ್ಲದ ಧ್ವನಿ ಅದೊಂದೇ ಎಂಬುದು ಅವನ ಕಿವಿಗೆ ಗೊತ್ತಿತ್ತು. ಪ್ರತಾಪನಿಗೂ ಗೊತ್ತಿತ್ತು.

"ತಗಡು ಕೊಯ್ದಂಗ ಕೇಳಸ್ತೈತಿ ದುಂಡವ್ವ, ನಿನ್ನ ದನಿ," ಎಂದ ಉಡಚಪ್ಪ. "ಮೊದಲಿಂದಲೂ ಹಂಗಽ. ನಿನ್ನ ಮನಸ್ಸು ನೋಯಬಾರದು ಅಂತ ಸುಮ್ಮನಿದ್ದೆ."

ಪ್ರತಾಪ ಬಾಯಿ ತೆರೆದ. ಉಡಚಪ್ಪ ಅವನತ್ತ ನೋಡಿದ. ಪ್ರತಾಪ ಮೊಬೈಲಿನ ಸ್ಟ್ಯಾಂಡು ಸರಿಮಾಡತೊಡಗಿದ.

"ಹೌದೇನ್ರಿ," ಎಂದಳು ದುಂಡವ್ವ. ಹೆಡ್‌ಫೋನನ್ನು ತೆಗೆದು, ಎಲ್ಲಿ ಇಡಬೇಕೆಂದು ತಿಳಿಯದೆ, ಒಡೆಯಬಾರದೆಂದು ಎರಡೂ ಕೈಯಲ್ಲಿ ಹಿಡಿದು ಪ್ರತಾಪನಿಗೆ ಕೊಟ್ಟಳು. ಆಮೇಲೆ ಸೆರಗು ಹೊದ್ದುಕೊಂಡು ಮನೆಗೆ ಹೋದಳು.

ಅಂದು ಭಜನೆ ಆಗಲಿಲ್ಲ. ಮುಂದಿನ ಸೋಮವಾರ ಉಡಚಪ್ಪನೂ ಬರಲಿಲ್ಲ, ಅವನ ಜಾಗದಲ್ಲಿ ಪ್ರತಾಪ ಮುಂದೆ ಕೂತು ಹಾಡಿದ. ಹಿಂದೆ ಸೊಲ್ಲು ಹಿಡಿಯುವವರು ಯಾರೂ ಇರಲಿಲ್ಲ, ಅವನೂ ಬಿಟ್ಟ. ಮಠದವರು ಒಂದು ಸ್ಪೀಕರು ತಂದು, ಪೆನ್‌ಡ್ರೈವಿನಲ್ಲಿ ಹಾಡು ಹಚ್ಚತೊಡಗಿದರು.

ದೀಪಾವಳಿಯ ಹೊತ್ತಿಗೆ ದುಂಡವ್ವನಿಗೆ ಮೊಮ್ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಹೆಂಗಸರೆಲ್ಲ ಅವಳಿಗೇ ಜೋಗುಳ ಹಾಡು ಎಂದರು. ಯಾರ ಮನೆಯ ತೊಟ್ಟಿಲಿಗೂ ಅವಳೇ ಹಾಡುತ್ತಿದ್ದವಳು. ಅವಳು ಒಲ್ಲೆನೆಂದಳು. ಸೊಸೆ ಕೈ ಹಿಡಿದು ಕೇಳಿಕೊಂಡರೂ, "ಕೂಸು ಬೆಚ್ಚತೈತಿ ಬ್ಯಾಡವ್ವ," ಎಂದು ಒಳಗೆ ಹೋದಳು. ಯಾರೋ ಮೊಬೈಲಿನಲ್ಲಿ ಜೋಗುಳ ಹಚ್ಚಿದರು. ಗೋಡೆಯಾಚೆ ಕೂತಿದ್ದ ಉಡಚಪ್ಪನಿಗೆ ಎಲ್ಲ ಕೇಳಿಸಿತು.

ಮರುದಿನ ಮಧ್ಯಾಹ್ನ ಅವನು ಅವಳ ಅಡುಗೆಮನೆಯ ಹೊಸ್ತಿಲ ಬಳಿ ಊಟಕ್ಕೆ ಕೂತ. ಅವಳು ಬಿಸಿ ರೊಟ್ಟಿ, ಪುಂಡಿಪಲ್ಯೆ ಹಾಕಿದಳು. ತಾನಂದದ್ದು ಸುಳ್ಳೆಂದು ಹೇಳಿಬಿಡಬೇಕೆಂದು ಬಂದಿದ್ದ. ತುತ್ತು ಮುರಿದು ಕೈಯಲ್ಲಿ ಹಿಡಿದುಕೊಂಡ.

"ಅಣ್ಣಾ, ಒಂದು ಮಾತು," ಎಂದಳು ದುಂಡವ್ವ, ಒಲೆಯ ಕಡೆ ಮುಖ ಮಾಡಿಕೊಂಡೇ. "ಇಷ್ಟು ವರ್ಷ ಎಲ್ಲಾರೂ ನನಗ ಸುಳ್ಳಽ ಹೇಳಿದ್ರು ನೋಡ್ರಿ. ನೀವೊಬ್ಬರಽ ಖರೆ ಹೇಳಿದ್ರಿ. ಇಲ್ಲಂದ್ರ ಇನ್ನೂ ನಾಕು ಮಂದಿ ಮುಂದ ಒದರಿಕೋಂತ ಹೋಗತಿದ್ದೆ. ನಿಮ್ಮ ಉಪಕಾರ ಆತು."

ಉಡಚಪ್ಪ ತುತ್ತನ್ನು ಬಾಯಿಗಿಟ್ಟು ಅಗಿದ.

"ಪಲ್ಯಾಕ ಉಪ್ಪು ಸರಿ ಐತೇನ್ರಿ?"

"ಸರಿ ಐತಿ," ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.